ಮಾತ್ರೆ ಡಬ್ಬಿಯ ಕೀಲಿಕೈ ಯಾರ ಹತ್ತಿರ ಇರಬೇಕು?

ವೃದ್ಧಾಶ್ರಮ ಸೇರಿದ ದಿನ ಮುದುಕರ ಕೈಯಿಂದ ಮೊದಲು ಇಸಿದುಕೊಳ್ಳುವ ವಸ್ತು ಯಾವುದು? ದುಡ್ಡಲ್ಲ, ಒಡವೆಯಲ್ಲ. ಮಾತ್ರೆ ಚೀಲ. ‘ಅಜ್ಜಾರೆ, ಇದೆಲ್ಲ ಆಫೀಸಿನಾಗೆ ಇರಲಿ, ಹೊತ್ತು ಹೊತ್ತಿಗೆ ನಾವೇ ಕೊಡ್ತೀವಿ’ ಎಂದು ನಯವಾಗಿ ಹೇಳಿ ಕಪಾಟಿಗೆ ಹಾಕಿ ಬೀಗ ಜಡಿಯುತ್ತಾರೆ. ಮೂವತ್ತು ವರ್ಷ ಮಕ್ಕಳ ಹಾಜರಿ ಹಾಕಿದ ಮೇಷ್ಟ್ರು, ಮಂಡಿಪೇಟೆಯಲ್ಲಿ ಲಕ್ಷಗಟ್ಟಲೆ ವ್ಯಾಪಾರದ ಲೆಕ್ಕ ಬರೆದ ಗುಮಾಸ್ತ, ಹತ್ತು ಜನರ ಸಂಸಾರ ತೂಗಿಸಿದ ಅಮ್ಮ, ಎಲ್ಲರಿಗೂ ಒಂದೇ ದಿನದಲ್ಲಿ ತಮ್ಮ ಬಿ.ಪಿ. ಮಾತ್ರೆ ತಾವು ನುಂಗುವ ಬುದ್ಧಿ ಹೊರಟುಹೋಯಿತು ಎಂದು ತೀರ್ಮಾನವಾಗುತ್ತದೆ. ತೀರ್ಮಾನ ಮಾಡಿದವರು ಡಾಕ್ಟರಲ್ಲ, ಆಫೀಸಿನ ಮ್ಯಾನೇಜರು.

ಇದಕ್ಕೆ ತದ್ವಿರುದ್ಧವಾದ ಆಶ್ರಮಗಳೂ ಇವೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ದಿಂಬಿನ ಕೆಳಗೆ, ಟ್ರಂಕಿನ ಮೂಲೆಯಲ್ಲಿ, ಸೆರಗಿನ ಗಂಟಿನಲ್ಲಿ, ಹಳೇ ಬಿಸ್ಕತ್ ಡಬ್ಬಿಯಲ್ಲಿ ಮಾತ್ರೆಗಳು. ನುಂಗಿದರೆ ಅವರ ಪುಣ್ಯ, ಬಿಟ್ಟರೆ ಅವರ ಕರ್ಮ. ಎರಡು ಸಲ ನುಂಗಿದರೂ ಕೇಳುವವರಿಲ್ಲ.

ದಾವಣಗೆರೆಯಲ್ಲಿ ಆಗಲಿ, ಹರಿಹರ, ಚನ್ನಗಿರಿ, ಹೊನ್ನಾಳಿಯಲ್ಲಿ ಆಗಲಿ, ರಾಜ್ಯದ ಯಾವುದೇ ಊರಲ್ಲಿ ಆಗಲಿ, ವೃದ್ಧಾಶ್ರಮ ಎಂದೊಡನೆ ನಾವು ವಿಚಾರಿಸುವುದು ಊಟ ಹೇಗೆ, ಹಾಸಿಗೆ ಹೇಗೆ, ಬಚ್ಚಲು ಶುಚಿಯಾಗಿದೆಯೇ ಎಂದು. ಮಾತ್ರೆಯ ವಿಚಾರ ಕೇಳುವುದಿಲ್ಲ. ಆದರೆ ಅಲ್ಲಿರುವವರ ದಿನ ಶುರುವಾಗುವುದೇ ಮಾತ್ರೆಯಿಂದ, ಮುಗಿಯುವುದೂ ಮಾತ್ರೆಯಿಂದ. (ನಮ್ಮ ಕಡೆ ‘ನರ್ಸಿಂಗ್ ಹೋಮ್’ ಅಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಮಾಡುವ ಖಾಸಗಿ ಆಸ್ಪತ್ರೆ. ಇಲ್ಲಿ ಅದರ ಮಾತಲ್ಲ. ವಯಸ್ಸಾದವರು ವರ್ಷಗಟ್ಟಲೆ ವಾಸ ಮಾಡುವ ಜಾಗದ ಮಾತು.)

ಒಂದೇ ಔಷಧಿ, ಮೂರು ಹೆಸರು

ಕೇಳುವವರಿಲ್ಲದ ಆಶ್ರಮದಲ್ಲಿ ಏನಾಗುತ್ತದೆ ನೋಡಿ. ಡಾಕ್ಟರ ಚೀಟಿಯಲ್ಲಿ 1-0-1 ಎಂದು ಇರುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅದರ ಅರ್ಥ. ಗೊತ್ತಿದ್ದವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಅದು ನೂರಾ ಒಂದು. ಔಷಧಿಯನ್ನು ಅದರ ಮೂಲ ಹೆಸರಿನಲ್ಲಿ, ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ತಿದ್ದಿತು. ಪರಿಷತ್ತು ಹೋಗಿ ಆಯೋಗ ಬಂತು. ಕೈಬರಹ ಮಾತ್ರ ಬಹಳ ಕಡೆ ಹಾಗೇ ಇದೆ.

ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಒಂದೇ ಔಷಧಿ. ಅಂಗಡಿಯಲ್ಲಿ ಅದಕ್ಕೆ ಹತ್ತಾರು ಹೆಸರು. ಬೆಂಗಳೂರಿನ ಮಗ ಕಳಿಸಿದ ಶೀಟಿನ ಮೇಲೆ ಒಂದು ಹೆಸರು, ಉಚಿತ ಆರೋಗ್ಯ ಶಿಬಿರದವರು ಕೊಟ್ಟದ್ದರ ಮೇಲೆ ಇನ್ನೊಂದು, ಜನೌಷಧಿ ಕೇಂದ್ರದಿಂದ ತಂದದ್ದರ ಮೇಲೆ ಮೂಲ ಹೆಸರು. ಬಣ್ಣ ಬೇರೆ, ಆಕಾರ ಬೇರೆ. ಅಜ್ಜಿ ಮೂರನ್ನೂ ನಿಯತ್ತಾಗಿ ನುಂಗುತ್ತಾಳೆ. ಬಿ.ಪಿ. ದಡಕ್ಕನೆ ಇಳಿಯುತ್ತದೆ. ರಾತ್ರಿ ಒಂದಕ್ಕೆ ಎದ್ದಾಗ ಕಣ್ಣು ಕತ್ತಲೆ ಬಂದು ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಮಾರನೆಯ ದಿನ ಮಗನಿಗೆ ಹೋಗುವ ಫೋನು, ‘ಬಚ್ಚಲಲ್ಲಿ ಜಾರಿಬಿದ್ರು’. ಮಾತ್ರೆಯ ಮಾತು ಯಾರ ಬಾಯಲ್ಲೂ ಇಲ್ಲ.

ಶೀಟನ್ನು ಕತ್ತರಿಸಿ ನಾಲ್ಕು ಮಾತ್ರೆ, ಆರು ಮಾತ್ರೆ ಕೊಡುವ ಪದ್ಧತಿ ನಮ್ಮ ಮೆಡಿಕಲ್ ಶಾಪುಗಳದ್ದು. ಬಡವನಿಗೆ ಅದರಿಂದ ಅನುಕೂಲವೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಕತ್ತರಿ ಬಿದ್ದ ಕಡೆ ಹೆಸರು ಅರ್ಧ ಹೋಗಿರುತ್ತದೆ, ಅವಧಿ ಮುಗಿಯುವ ತಾರೀಖು ಪೂರ್ತಿ ಹೋಗಿರುತ್ತದೆ. ಉಳಿದದ್ದೂ ಇಂಗ್ಲಿಷಿನಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಪೊರೆ ಬಂದ ಕಣ್ಣಿಗೆ ಇದೇನು ಕಂಡೀತು?

ಇನ್ನೂ ಭಯಂಕರವಾದದ್ದು ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್. ಇದನ್ನು ನುಂಗುವುದು ವಾರಕ್ಕೆ ಒಂದು ದಿನ ಮಾತ್ರ. ಜೊತೆಗೆ ಬೇರೆ ದಿನ ನುಂಗಲು ಫೋಲಿಕ್ ಆಸಿಡ್ ಬರೆದಿರುತ್ತಾರೆ. ಅನೇಕ ವೇಳೆ ಎರಡೂ ಪುಟ್ಟ ಹಳದಿ ಮಾತ್ರೆಗಳೇ. ಅದಲುಬದಲಾಗಿ ವಾರದ ಮಾತ್ರೆಯನ್ನು ದಿನವೂ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು, ಪ್ರಾಣವೇ ಹೋಗಬಹುದು. ಹೋದ ಉದಾಹರಣೆಗಳು ಜಗತ್ತಿನ ಅನೇಕ ದೇಶಗಳಲ್ಲಿ ದಾಖಲಾಗಿವೆ.

ಇನ್ಸುಲಿನ್‌ನದೂ ಇದೇ ಪಾಡು. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. ಸಿರಿಂಜು ಅದಲುಬದಲಾದರೆ ಒಂದು ಕಡೆ ಅರ್ಧಕ್ಕಿಂತ ಕಡಿಮೆ, ಇನ್ನೊಂದು ಕಡೆ ಎರಡೂವರೆ ಪಟ್ಟು. ಅಂಗಡಿಯಿಂದ ತರುವ ಹುಡುಗನಿಗೆ ಮುಚ್ಚಳದ ಬಣ್ಣದ ಮಹತ್ವ ಹೇಳಿದವರು ಯಾರು?

ಹುಟ್ಟುಹಬ್ಬದ ತಿಂಡಿ

ಮಾತ್ರೆ ಎಂದರೆ ಮಾತ್ರೆಯೊಂದೇ ಅಲ್ಲ, ಅದರ ಬೆನ್ನಿಗೆ ಊಟವೂ ಇದೆ. ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ನುಂಗಿದರೆ, ಇನ್ಸುಲಿನ್ ಚುಚ್ಚಿಕೊಂಡರೆ, ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆಗೆ ಏನಾದರೂ ಬೀಳಬೇಕು. ಬೀಳದಿದ್ದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು, ಆಮೇಲೆ ಎಚ್ಚರ ತಪ್ಪುತ್ತದೆ.

ಈಗ ಆಶ್ರಮಗಳ ಭಾನುವಾರ ನೆನೆಸಿಕೊಳ್ಳಿ. ಊರಿನ ಗಣ್ಯರೊಬ್ಬರ ಹುಟ್ಟುಹಬ್ಬ. ವೃದ್ಧರಿಗೆ ಉಪಾಹಾರ ಅವರದೇ. ಎಂಟಕ್ಕೆ ಮಾತ್ರೆ ನುಂಗಿಸಿ ಮುದುಕರನ್ನು ಸಾಲಾಗಿ ಕೂರಿಸಿ ಆಯಿತು. ಗಣ್ಯರ ಕಾರು ಬರುವುದು ಒಂಬತ್ತೂವರೆಗೆ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಎರಡು ಮಾತು, ಆ ಎರಡು ಮಾತು ಇಪ್ಪತ್ತು ನಿಮಿಷ. ಮೊಬೈಲಿನಲ್ಲಿ ಫೋಟೋ ತೆಗೆಯುವ ತನಕ ಎಲೆಗೆ ಉಪ್ಪಿಟ್ಟು ಬೀಳುವುದಿಲ್ಲ. ಮೂರನೇ ಸಾಲಿನಲ್ಲಿ ಒಬ್ಬರು ಬೆವೆತು ಏನೇನೋ ತೊದಲುತ್ತಿದ್ದರೆ ‘ಅಜ್ಜಗೆ ಅರಳುಮರಳು’ ಎಂದು ನಗುತ್ತಾರೆ. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕೊಟ್ಟಿದ್ದರೆ ಹತ್ತು ಹದಿನೈದು ನಿಮಿಷದಲ್ಲಿ ಅಜ್ಜ ಸರಿಯಾಗುತ್ತಿದ್ದ. ಪೂರ್ತಿ ಎಚ್ಚರ ತಪ್ಪಿದ ಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ, ಸೀದಾ ಆಸ್ಪತ್ರೆಯೇ.

ಸೋಮವಾರದ ಒಪ್ಪತ್ತು, ಏಕಾದಶಿ, ರಂಜಾನ್ ಉಪವಾಸ ಇವುಗಳ ಕಥೆಯೂ ಹೀಗೆಯೇ. ಊಟ ಬಿಟ್ಟವರು ಮಾತ್ರೆ ಬಿಡುವುದಿಲ್ಲ, ಅದು ಅವರ ಇನ್ನೊಂದು ವ್ರತ. ಮೊದಲೇ ಡಾಕ್ಟರನ್ನು ಕೇಳಿ ಆ ದಿನಕ್ಕೆ ಮಾತ್ರೆಯ ಅಳತೆ, ಹೊತ್ತು ಬದಲಿಸಿಕೊಳ್ಳಬಹುದು. ಹಳೇ ಕಾಲದ ಗ್ಲಿಬೆನ್‌ಕ್ಲಮೈಡ್ ಮಾತ್ರೆಯಂತೂ ಸಕ್ಕರೆಯನ್ನು ಬಹಳ ಹೊತ್ತು ಇಳಿಸಿಯೇ ಇಡುತ್ತದೆ, ವಯಸ್ಸಾದವರಿಗೆ ಅದು ಬೇಡ ಎನ್ನುವುದು ಈಗಿನ ವೈದ್ಯರ ಮಾತು. ಇಪ್ಪತ್ತು ವರ್ಷದ ಹಿಂದಿನ ಚೀಟಿಯನ್ನೇ ತೋರಿಸಿ ಅದನ್ನೇ ತರಿಸಿಕೊಳ್ಳುವ ಹಿರಿಯರಿಗೆ ಇದನ್ನು ತಿಳಿಸಬೇಕಾದವರು ಯಾರು?

ಹಾಗಾದರೆ ಬೀಗ ಹಾಕುವುದೇ ಸರಿಯೇ?

ಇಷ್ಟು ಓದಿದ ಮ್ಯಾನೇಜರು ‘ನೋಡ್ರಿ, ಇದಕ್ಕೇ ನಾವು ಮಾತ್ರೆ ಇಸ್ಕೊಂಡು ಇಟ್ಕಳ್ಳೋದು’ ಎನ್ನಬಹುದು. ಸ್ವಲ್ಪ ತಾಳಬೇಕು.

ಕಪಾಟಿಗೆ ಬೀಗ ಬಿದ್ದ ಮೇಲೆ ಏನಾಗುತ್ತದೆ? ಆಯಾ ಒಬ್ಬಳೇ. ಅಡಿಗೆಗೂ ಕೈ ಹಾಕಬೇಕು, ಮೈ ತೊಳೆಸಬೇಕು, ಬಟ್ಟೆ ಒಣಹಾಕಬೇಕು. ನಡುವೆ ಮಾತ್ರೆ. ಹತ್ತಾರು ಜನರ ಮಾತ್ರೆಯನ್ನು ಹತ್ತಾರು ಬಟ್ಟಲಿಗೆ ಹಾಕಿ ತಿಂಡಿ ಜೊತೆ ತಂದಿಡುತ್ತಾಳೆ. ಥೈರಾಯ್ಡ್ ಮಾತ್ರೆಯೂ ಅದರಲ್ಲೇ. ಅದನ್ನು ಖಾಲಿ ಹೊಟ್ಟೆಯಲ್ಲಿ, ಕಾಫಿಗೂ ಅರ್ಧ ಗಂಟೆ ಒಂದು ಗಂಟೆ ಮೊದಲು ನುಂಗಬೇಕು ಎನ್ನುವುದು ನುಂಗುವ ಅಮ್ಮನಿಗೆ ಗೊತ್ತು, ಮನೆಯಲ್ಲಿ ಹನ್ನೆರಡು ವರ್ಷ ಹಾಗೇ ನುಂಗಿದ್ದಾರೆ. ಹೇಳಿದರೆ ‘ನಿಮಗೊಬ್ಬರಿಗೆ ಬೇರೆ ರೂಲ್ಸಾ?’ ಎನ್ನುವ ಉತ್ತರ. ಬಟ್ಟಲು ಪಕ್ಕದವರಿಗೆ ಹೋದರೂ ಆಶ್ಚರ್ಯವಿಲ್ಲ. ಒಂದೇ ಹೆಸರಿನ ಮೂವರು ಅಜ್ಜಿಯರು ಇರುವ ಕಡೆ ಇದು ತಮಾಷೆಯ ಮಾತಲ್ಲ.

ಎದೆನೋವಿನವರು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ಇದೆ. ಉಬ್ಬಸದವರಿಗೆ ಇನ್‌ಹೇಲರ್ ಇದೆ. ಇವು ಬೇಕಾಗುವುದು ಯಾವಾಗ? ರಾತ್ರಿ ಎರಡು ಗಂಟೆಗೆ. ಆಗ ಕಪಾಟಿನ ಕೀಲಿ ಎಲ್ಲಿ? ಮ್ಯಾನೇಜರ ಮನೆಯಲ್ಲಿ. ಮ್ಯಾನೇಜರ ಮನೆ ಎಲ್ಲಿ? ಪಿ.ಬಿ. ರಸ್ತೆಯ ಆಚೆ ದಡದಲ್ಲಿ. ಉಸಿರು ಕಟ್ಟಿದ ಮನುಷ್ಯ ಅಲ್ಲಿಯವರೆಗೆ ಕಾಯಬೇಕೇನು? ಪಾರ್ಕಿನ್ಸನ್ ಕಾಯಿಲೆಯವರ ಲಿವೊಡೋಪಾ ಮಾತ್ರೆ ಗಡಿಯಾರ ನೋಡಿ ನುಂಗುವಂಥದು. ಅರ್ಧ ಗಂಟೆ ತಡವಾದರೂ ಕೆಲವರಿಗೆ ಕೈಕಾಲು ಸೆಟೆದು ನಿಂತಲ್ಲೇ ನಿಲ್ಲುತ್ತಾರೆ. ಆ ಗಡಿಯಾರ ಇರುವುದು ಅವರ ಮೈಯೊಳಗೆ, ಆಫೀಸಿನ ಗೋಡೆಯ ಮೇಲಲ್ಲ.

ಸಿಬ್ಬಂದಿಯ ಕೈಯಲ್ಲಿ ಮಾತ್ರೆ ಇದ್ದರೆ ತಪ್ಪೇ ಆಗುವುದಿಲ್ಲ ಎಂಬುದೂ ಭ್ರಮೆ. ಇಂಗ್ಲೆಂಡಿನಲ್ಲಿ 55 ಕೇರ್ ಹೋಮ್‌ಗಳ 256 ಹಿರಿಯರ ಔಷಧಿ ಲೆಕ್ಕವನ್ನು ಸಂಶೋಧಕರು ಕೂತು ತಾಳೆ ನೋಡಿ 2009ರಲ್ಲಿ ಪ್ರಕಟಿಸಿದರು. 178 ಜನರ ವಿಷಯದಲ್ಲಿ ಒಂದಲ್ಲ ಒಂದು ತಪ್ಪು ಸಿಕ್ಕಿತು. ಬರೆದುಕೊಡುವಾಗಲೋ, ಅಂಗಡಿಯಲ್ಲೋ, ನುಂಗಿಸುವಾಗಲೋ, ಮಾಡಿಸಬೇಕಾದ ರಕ್ತ ಪರೀಕ್ಷೆ ಮಾಡಿಸದೆಯೋ. ನೂರಕ್ಕೆ ಎಪ್ಪತ್ತು ಜನ ಎಂದಾಯಿತು. ಅದೂ ಸಿಬ್ಬಂದಿ, ರಿಜಿಸ್ಟರು, ತಪಾಸಣೆ ಎಲ್ಲ ಇರುವ ದೇಶದಲ್ಲಿ. ನಮ್ಮಲ್ಲಿ ಎಣಿಸಿದರೆ ಏನು ಬರಬಹುದೆಂದು ಓದುಗರೇ ಊಹಿಸಿಕೊಳ್ಳಲಿ.

ಅದೇ ಇಂಗ್ಲೆಂಡಿನಲ್ಲಿ ಆರೋಗ್ಯ ಸೇವೆಗಳಿಗೆ ಮಾರ್ಗಸೂಚಿ ಬರೆಯುವ ‘ನೈಸ್’ ಎಂಬ ಸರ್ಕಾರಿ ಸಂಸ್ಥೆ 2014ರಲ್ಲಿ ಕೇರ್ ಹೋಮ್‌ಗಳಿಗೆ ಒಂದು ಮಾತು ಹೇಳಿತು. ಅಲ್ಲಿರುವ ಹಿರಿಯರು ತಮ್ಮ ಔಷಧಿ ತಾವೇ ನೋಡಿಕೊಳ್ಳಬಲ್ಲರು ಎಂದೇ ಮೊದಲು ಭಾವಿಸಿ. ಆಗುವುದಿಲ್ಲ ಎಂದು ಪರೀಕ್ಷಿಸಿ ನೋಡಿದ ಮೇಲೆ ಮಾತ್ರ ನೀವು ಕೈ ಹಾಕಿ ಎಂದು. ಅಮೆರಿಕದ ಕೇಂದ್ರ ನಿಯಮದಲ್ಲೂ ಅದು ನಿವಾಸಿಯ ಹಕ್ಕು. ವೈದ್ಯರು, ದಾದಿಯರು ಕೂಡಿ ‘ಆಗಬಹುದು’ ಎಂದರೆ ಅವರ ಮಾತ್ರೆ ಅವರ ಕೈಯಲ್ಲೇ. ನಮ್ಮಲ್ಲಿ ಲೆಕ್ಕ ತಿರುಗಾಮುರುಗಾ. ಎಲ್ಲರೂ ಅಯೋಗ್ಯರು ಎಂದು ಮೊದಲೇ ಮುದ್ರೆ, ಇಲ್ಲವೇ ಎಲ್ಲರೂ ಯೋಗ್ಯರು ಎಂದು ಕಣ್ಣುಮುಚ್ಚಿ ಬಿಡುವುದು. ಒಬ್ಬೊಬ್ಬರನ್ನೇ ಕೂರಿಸಿ ಕೇಳುವ ಕೆಲಸ ಮಾತ್ರ ಬೇಡ.

ಕೇಳುವುದು ಅಂದರೆ ಹೇಗೆ?

ಏನೂ ಬ್ರಹ್ಮವಿದ್ಯೆಯಲ್ಲ. ಹಿರಿಯರನ್ನು ಅವರ ಚೀಲದ ಸಮೇತ ಮೇಜಿನ ಮುಂದೆ ಕೂರಿಸಬೇಕು. ಮಾತ್ರೆಗಳನ್ನು ಹರಡಿ, ಇದು ಯಾತಕ್ಕೆ, ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಬೇಕು. ಇಂಗ್ಲಿಷ್ ಹೆಸರು ಬಾರದಿದ್ದರೆ ಬೇಡ, ‘ಇದು ಬಿ.ಪಿ.ದು, ಇದು ಸಕ್ಕರೇದು’ ಅಂದರೆ ಸಾಕು. ಕನ್ನಡಕ ಹಾಕಿಕೊಂಡು ಶೀಟಿನ ಮೇಲಿನದು ಕಾಣುತ್ತದೆಯೇ? ಸಂಧಿವಾತದ ಬೆರಳಿನಲ್ಲಿ ಶೀಟು ಒತ್ತಿ ಮಾತ್ರೆ ಬಿಡಿಸಲು, ಸೀಸೆಯ ಮುಚ್ಚಳ ತಿರುವಲು ಆಗುತ್ತದೆಯೇ? ಬೆಳಗಿನದು ಮರೆತರೆ ಏನು ಮಾಡುತ್ತೀರಿ ಎಂದು ಕೇಳಿದಾಗ ‘ರಾತ್ರಿ ಎರಡು ನುಂಗ್ತೀನಿ’ ಎಂದರೆ ಅಲ್ಲಿ ಕೂತು ತಿಳಿಸಿ ಹೇಳಬೇಕಾದದ್ದು ಇದೆ ಎಂದು ಅರ್ಥ. ಆ ಒಂದು ಉತ್ತರಕ್ಕೇ ಚೀಲ ಕಿತ್ತುಕೊಳ್ಳಬೇಕು ಎಂದಲ್ಲ.

ಇಷ್ಟಾದ ಮೇಲೂ ಒಂದೇ ಸಲ ತಿಂಗಳ ಮಾತ್ರೆ ಕೈಗೆ ಕೊಡಬೇಕಾಗಿಲ್ಲ. ಮೊದಲ ವಾರ ಆಯಾ ಎದುರಿಗೆ ತಾವೇ ತೆಗೆದು ನುಂಗಲಿ. ಆಮೇಲೆ ಒಂದು ದಿನದ್ದು, ಆಮೇಲೆ ವಾರದ್ದು. ವಾರದ ಕೊನೆಗೆ ಉಳಿದದ್ದನ್ನು ಎಣಿಸಿದರೆ ಗೊತ್ತಾಗುತ್ತದೆ, ಸರಿ ಇದೆಯೋ ಇಲ್ಲವೋ. ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಒಳ್ಳೆಯದೇ. ಆದರೆ ಖಾನೆಗೆ ತುಂಬುವವರೇ ತಪ್ಪಿದರೆ ಏಳು ದಿನವೂ ತಪ್ಪೇ. ಆದ್ದರಿಂದ ತುಂಬಿದ ಮೇಲೆ ಇನ್ನೊಬ್ಬರು ನೋಡಬೇಕು. ವಾರದ ಮಾತ್ರೆಯನ್ನು, ಮೊದಲೇ ಹೇಳಿದ ಮೆಥೊಟ್ರೆಕ್ಸೇಟನ್ನು, ‘ಬುಧವಾರ ಮಾತ್ರ’ ಎಂದು ದಪ್ಪಕ್ಷರದ ಕನ್ನಡದಲ್ಲಿ ಬರೆದು ಬೇರೆಯೇ ಇಡಬೇಕು. ನಾಲಿಗೆ ಕೆಳಗಿನ ಮಾತ್ರೆ, ಇನ್‌ಹೇಲರ್ ಜೇಬಿನಲ್ಲಿ ಅಥವಾ ತಲೆದಿಂಬಿನ ಪಕ್ಕ, ಅದರಲ್ಲಿ ಚರ್ಚೆಯೇ ಬೇಡ.

ಹಾಸಿಗೆ ಪಕ್ಕ ಪುಟ್ಟದೊಂದು ಬೀಗದ ಪೆಟ್ಟಿಗೆ ಬೇಕೇ ಬೇಕು. ಮಾತ್ರೆಯ ಒಡೆಯನನ್ನು ಅನುಮಾನಿಸಿ ಅಲ್ಲ. ನೆನಪು ಕಳೆದುಕೊಂಡ ಇನ್ನೊಬ್ಬ ಅಜ್ಜ ಅತ್ತಿತ್ತ ಓಡಾಡುತ್ತಾ ಪಕ್ಕದವರ ಮೇಜಿನ ಮೇಲಿನ ಮಾತ್ರೆಯನ್ನು ಪೆಪ್ಪರಮೆಂಟು ಎಂದು ಬಾಯಿಗೆ ಹಾಕಿಕೊಳ್ಳಬಾರದಲ್ಲ, ಅದಕ್ಕೆ. ಒಂದು ಕೀಲಿ ಹಿರಿಯರ ಕೊರಳ ದಾರದಲ್ಲಿ, ಇನ್ನೊಂದು ಆಶ್ರಮದಲ್ಲೇ ರಾತ್ರಿ ಇರುವವರ ಹತ್ತಿರ.

ಎಲ್ಲರಿಗೂ ಇದು ಆಗುವುದಿಲ್ಲ. ಮರೆವಿನ ಕಾಯಿಲೆ ಬಲಿತವರಿಗೆ, ‘ಬದುಕು ಸಾಕಪ್ಪ’ ಎಂದು ಮಂಕಾಗಿ ಕೂತವರಿಗೆ ಮಾತ್ರೆಯ ಗಂಟು ಕೊಡುವುದು ಅಪಾಯ. ಅವರದನ್ನು ಸಿಬ್ಬಂದಿಯೇ ನೋಡಿಕೊಳ್ಳಬೇಕು, ಬರೆದಿಟ್ಟು ನೋಡಿಕೊಳ್ಳಬೇಕು. ಇಂದು ಆಗುವವರಿಗೆ ನಾಳೆ ಆಗದಿರಲೂಬಹುದು. ಚಿಗಟೇರಿ ಆಸ್ಪತ್ರೆಯಲ್ಲಿ ವಾರ ಮಲಗಿ ಬಂದವರ ಚೀಟಿ ಬದಲಾಗಿರುತ್ತದೆ, ಹಳೇ ಮಾತ್ರೆಯೂ ಡಬ್ಬಿಯಲ್ಲಿ ಉಳಿದಿರುತ್ತದೆ. ಆಗ ಮತ್ತೆ ಮೇಜಿನ ಮುಂದೆ ಕೂರಿಸಿ ಮೊದಲಿಂದ ಕೇಳಬೇಕು. ಪೊರೆ ಆಪರೇಷನ್ ಆಗಿ ಕಣ್ಣು ಬಂದವರಿಗೆ, ಹಿಂದೆ ಕಿತ್ತುಕೊಂಡದ್ದನ್ನು ವಾಪಸು ಕೊಡಲೂಬಹುದು. ಅದನ್ನು ನೆನಪಿಡುವವರು ಕಮ್ಮಿ.

ಆಶ್ರಮದವರ ಕಷ್ಟ ಸುಳ್ಳಲ್ಲ

ಏನಾದರೂ ಹೆಚ್ಚುಕಡಿಮೆ ಆದರೆ ವರ್ಷಕ್ಕೊಮ್ಮೆಯೂ ಮುಖ ತೋರದ ಮಕ್ಕಳು ಕಾರು ಹತ್ತಿ ಬಂದು ಕೂಗಾಡುತ್ತಾರೆ. ಪೊಲೀಸು, ಪೇಪರು ಎಲ್ಲ ಆಗುತ್ತದೆ. ಆ ಭಯಕ್ಕೆ ಮಾತ್ರೆ ಬೀಗದೊಳಗೆ ಹೋಗುತ್ತದೆ. ಆದರೆ ಯಾವ ದಿನ ಯಾರು ಪರೀಕ್ಷೆ ಮಾಡಿದರು, ಹಿರಿಯರು ಏನು ಉತ್ತರ ಕೊಟ್ಟರು, ಡಾಕ್ಟರು ಏನು ಹೇಳಿದರು ಎನ್ನುವ ಒಂದು ಹಾಳೆ ಸಹಿ ಸಮೇತ ಕಡತದಲ್ಲಿದ್ದರೆ ಮ್ಯಾನೇಜರಿಗೂ ಅದೇ ರಕ್ಷಣೆ. ಇವತ್ತು ಅವರ ಹತ್ತಿರ ಇರುವುದು ಬೀಗ ಮಾತ್ರ, ಕಾಗದ ಇಲ್ಲ.

ಮಕ್ಕಳಿಗೂ ಒಂದು ಮಾತು. ಕೊರಿಯರ್‌ನಲ್ಲಿ ಮಾತ್ರೆ ಕಳಿಸಿ ಕೈ ತೊಳೆದುಕೊಳ್ಳುವ ಮೊದಲು ‘ಹೋದ ಸಲದ್ದೂ ಇದೂ ಒಂದೇ ಔಷಧಿ, ಹೆಸರಷ್ಟೇ ಬೇರೆ’ ಎಂದು ಫೋನಿನಲ್ಲಿ ಅಪ್ಪನಿಗೇ ಹೇಳಬೇಕು. ಮ್ಯಾನೇಜರಿಗೆ ವಾಟ್ಸಾಪ್ ಮಾಡಿದರೆ ಅದು ಅಪ್ಪನಿಗೆ ತಲುಪಿದಂತಲ್ಲ.

ಇನ್ನು ಸರ್ಕಾರ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರು ಇರಬಹುದಾದ ವೃದ್ಧಾಶ್ರಮ ತೆರೆಯುವ ಮಾತು ಅದರ 19ನೇ ಕಲಮಿನಲ್ಲಿದೆ. ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕೆಂಬುದು 20ನೇ ಕಲಮಿನಲ್ಲಿದೆ. ಆಶ್ರಮದೊಳಗೆ ಮಾತ್ರೆ ಯಾರ ಕೈಯಲ್ಲಿರಬೇಕು ಎಂಬ ಮಾತು ಕಾಯ್ದೆಯಲ್ಲಿ ಇಲ್ಲ. ಇಲ್ಲದಿದ್ದರೇನಂತೆ? ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಧಿಕಾರಿಗಳು ತಪಾಸಣೆಗೆ ಹೋದಾಗ ಅಡಿಗೆಮನೆ, ಹಾಸಿಗೆ, ಹಾಜರಿ ಪುಸ್ತಕದ ಜೊತೆಗೆ ಔಷಧಿ ಹಾಳೆಯನ್ನೂ ತೋರಿಸಿ ಎನ್ನಲು ಪಾರ್ಲಿಮೆಂಟಿನ ಅಪ್ಪಣೆ ಬೇಕಾಗಿಲ್ಲ. ಜಿಲ್ಲಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಆಯಿತು.

ಜನ ಎಲ್ಲಿದ್ದಾರೆ ಎನ್ನುವ ಪ್ರಶ್ನೆಗೂ ಈ ಊರಲ್ಲಿ ಬರವಿಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜುಗಳಿವೆ, ನರ್ಸಿಂಗ್ ಕಾಲೇಜುಗಳಿವೆ, ಫಾರ್ಮಸಿ ಕಾಲೇಜುಗಳಿವೆ. ದೇಶದಲ್ಲಿ ಫಾರ್ಮ್‌ಡಿ ಕೋರ್ಸು ಶುರುವಾಗಿದ್ದು 2008ರಲ್ಲಿ. ರೋಗಿಯ ಎದುರು ಕೂತು ಅವನ ಮಾತ್ರೆಗಳನ್ನು ಒಂದಕ್ಕೊಂದು ತಾಳೆ ನೋಡುವುದೇ ಆ ಓದಿನ ತಿರುಳು. ತಿಂಗಳಿಗೆ ಒಂದು ಶನಿವಾರ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಮೇಷ್ಟ್ರು ಒಂದೊಂದು ಆಶ್ರಮಕ್ಕೆ ಹೋಗಿ ಚೀಲ ಬಿಚ್ಚಿ ನೋಡಲಿ. ಅವಧಿ ಮೀರಿದ್ದು, ಎರಡೆರಡು ಹೆಸರಿನದು ಎಷ್ಟು ಸಿಗುತ್ತದೆ ಎಂದು ಎಣಿಸಲಿ. ಕತ್ತರಿಸಿದ ಶೀಟಿಗೆ ಕನ್ನಡದಲ್ಲಿ ಚೀಟಿ ಅಂಟಿಸಲಿ. ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚು ಅವರಿಗೂ ದಕ್ಕೀತು.

ಇದಕ್ಕೆಲ್ಲ ಹೊತ್ತು ಬೇಕು, ಒಪ್ಪೋಣ. ಅಲ್ಲಿಯವರೆಗೆ ಒಂದು ಕೆಲಸ ಈ ಭಾನುವಾರದಿಂದಲೇ ಶುರುಮಾಡಬಹುದು. ದಾನಿಗಳು ಬರಲಿ, ಬೆಣ್ಣೆ ದೋಸೆಯನ್ನೇ ಹಾಕಿಸಲಿ, ಬೇಡ ಅನ್ನುವವರಾರು. ಮೊದಲು ಸಕ್ಕರೆ ಕಾಯಿಲೆಯವರ ಎಲೆಗೆ ತಿಂಡಿ ಬೀಳಲಿ. ಹಾರ, ಶಾಲು, ಫೋಟೋ ಎಲ್ಲ ಕೈ ತೊಳೆದ ಮೇಲೆ.